ಕೆಟಿಎನ್, ಗ್ಲೋಬಲ್ ಎಂಟ್ರಿ, ನಾಲ್ಕು ‘ಎಸ್’: ಅಮೆರಿಕದ ವಿಮಾನ ತಪಾಸಣೆಗೆ ಮನೆಯಲ್ಲೇ ಮಾಡಿಕೊಳ್ಳಬೇಕಾದ ತಯಾರಿ

ಒಂದೇ ವಿಮಾನಕ್ಕೆ ಹೊರಟ ಮೂವರ ಬೋರ್ಡಿಂಗ್ ಪಾಸ್ ಪಕ್ಕಪಕ್ಕ ಇಟ್ಟು ನೋಡಿ. ಒಂದರ ಮೇಲೆ ‘ಟಿಎಸ್‌ಎ ಪ್ರೀಚೆಕ್’ ಗುರುತು (ಹಿನ್ನೆಲೆ ಮೊದಲೇ ಪರಿಶೀಲಿಸಿಕೊಂಡವರಿಗೆ ಅಮೆರಿಕದ ವಿಮಾನ ಭದ್ರತಾ ಸಂಸ್ಥೆ ಟಿಎಸ್‌ಎ ಕೊಡುವ ಸರಳ ತಪಾಸಣೆ), ಇನ್ನೊಂದರ ಮೇಲೆ ಏನೂ ಇಲ್ಲ, ಮೂರನೆಯದರಲ್ಲಿ ಸಾಲಾಗಿ ನಾಲ್ಕು ‘ಎಸ್’, ಅಂದರೆ ಹೆಚ್ಚಿನ ತಪಾಸಣೆಯ ಗುರುತು. ಮೊದಲನೆಯವರು ಬೆಲ್ಟ್ ಬಿಚ್ಚದೆ, ಲ್ಯಾಪ್‌ಟಾಪ್ ಹೊರಗೆ ತೆಗೆಯದೆ ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ಗೇಟಿನ ಕಡೆ ಹೊರಟಿರುತ್ತಾರೆ. ಮೂರನೆಯವರ ಚೀಲದಲ್ಲಿರುವುದೆಲ್ಲ ಮೇಜಿನ ಮೇಲೆ ಬರುತ್ತದೆ. ಸಾಲಿನ ಕೊನೆಯಲ್ಲಿ ಕೂತ ಅಧಿಕಾರಿ ಮುಖ ನೋಡಿ ಮಾಡಿದ ವಿಂಗಡಣೆ ಇದಲ್ಲ. ಟಿಕೆಟ್ ಕೊಳ್ಳುವಾಗ ತುಂಬಿದ ನಾಲ್ಕೈದು ಖಾನೆಗಳನ್ನು ಕಂಪ್ಯೂಟರ್ ತಾಳೆ ನೋಡಿದಾಗಲೇ ಅದು ಮುಗಿದಿರುತ್ತದೆ. ಆದ್ದರಿಂದ ತಯಾರಿಯೂ ಟಿಕೆಟ್‌ನಿಂದಲೇ ಶುರುವಾಗಬೇಕು.

ಇಲ್ಲಿ ಹೇಳುವುದು ಅಮೆರಿಕದ ವ್ಯವಸ್ಥೆ. ಅಲ್ಲಿ ನೆಲೆಸಿರುವ, ಅಲ್ಲಿಗೆ ಓಡಾಡುವ ಕನ್ನಡಿಗರಿಗೆ ಯಾವುದು ಎಲ್ಲಿ ಎಡವಟ್ಟಾಗುತ್ತದೆ ಎನ್ನುವುದರ ಮೇಲೆ ಹೆಚ್ಚು ಗಮನ ಕೊಟ್ಟಿದ್ದೇವೆ.

ತೆರೆಯ ಹಿಂದೆ ನಡೆಯುವುದು

ಅಮೆರಿಕದೊಳಗೆ, ಅಮೆರಿಕಕ್ಕೆ, ಅಮೆರಿಕದಿಂದ ಹಾರುವ ಪ್ರತಿ ಪ್ರಯಾಣಿಕರ ಪೂರ್ಣ ಹೆಸರು, ಹುಟ್ಟಿದ ದಿನಾಂಕ, ಲಿಂಗ ಈ ಮೂರನ್ನು ವಿಮಾನ ಕಂಪನಿ ಟಿಎಸ್‌ಎಗೆ ಕಳಿಸಲೇಬೇಕು. ಇದ್ದರೆ ಕೆಟಿಎನ್ ಮತ್ತು ರಿಡ್ರೆಸ್ ಸಂಖ್ಯೆಯೂ (ಹೆಸರಿನ ಗೊಂದಲದಿಂದ ಪದೇ ಪದೇ ತಡೆಯಲ್ಪಡುವವರಿಗೆ ಕೊಡುವುದು) ಜೊತೆಗೆ ಹೋಗುತ್ತವೆ. ಕೆಟಿಎನ್ ಎಂದರೆ ‘ನೋನ್ ಟ್ರಾವೆಲರ್ ನಂಬರ್’, ಅಂದರೆ ಪರಿಚಿತ ಪ್ರಯಾಣಿಕ ಎಂಬ ಸಂಖ್ಯೆ. ಈ ತಾಳೆ ನೋಡುವ ವ್ಯವಸ್ಥೆಯ ಹೆಸರು ಸೆಕ್ಯೂರ್ ಫ್ಲೈಟ್. ಮೊದಲು ಆಯಾ ವಿಮಾನ ಕಂಪನಿಯೇ ಪಟ್ಟಿ ಹಿಡಿದು ಹೆಸರು ಹುಡುಕುತ್ತಿತ್ತು. 2010ರ ಕೊನೆಯ ಹೊತ್ತಿಗೆ ಆ ಕೆಲಸ ಪೂರ್ತಿಯಾಗಿ ಸರ್ಕಾರದ ಕೈಗೆ ಬಂತು. ಪ್ರಯಾಣಕ್ಕೆ ಸುಮಾರು 72 ಗಂಟೆ ಮೊದಲು ಮಾಹಿತಿ ಹೋಗುತ್ತದೆ. ಅದಕ್ಕಿಂತ ತಡವಾಗಿ ಟಿಕೆಟ್ ಕೊಂಡರೆ ಕೊಂಡ ಕೂಡಲೇ ಹೋಗುತ್ತದೆ.

ಅತ್ತಲಿಂದ ಬರುವ ಉತ್ತರ ನಾಲ್ಕೇ ಬಗೆಯದು: ಪ್ರೀಚೆಕ್ ಕೊಡಿ, ಸಾಮಾನ್ಯ ತಪಾಸಣೆ ಸಾಕು, ಹೆಚ್ಚಿನ ತಪಾಸಣೆ ಮಾಡಿ, ಬೋರ್ಡಿಂಗ್ ಪಾಸ್ ಕೊಡಲೇಬೇಡಿ. ಈ ಉತ್ತರ ಬರುವವರೆಗೆ ಕಂಪನಿ ಪಾಸ್ ಮುದ್ರಿಸುವಂತಿಲ್ಲ.

ಇದರ ಹಿಂದಿನ ಲೆಕ್ಕ ಸರಳ. ಅಕ್ಕಿ ಆರಿಸುವಾಗ ಮೊದಲು ಜರಡಿ ಹಿಡಿಯುತ್ತೇವಲ್ಲ, ಹಾಗೆ. ಹಿನ್ನೆಲೆ ಪರಿಶೀಲನೆಗೆ ತಾವಾಗಿಯೇ ಒಪ್ಪಿದವರನ್ನು ಬೇರೆ ಮಾಡಿದರೆ, ಅಧಿಕಾರಿಗಳ ಸಮಯವೂ ಯಂತ್ರಗಳೂ ಉಳಿದವರ ಕಡೆಗೆ ಹರಿಯುತ್ತವೆ. ಪ್ರೀಚೆಕ್ ಪ್ರಾಯೋಗಿಕವಾಗಿ ಶುರುವಾದದ್ದು 2011ರ ಅಕ್ಟೋಬರ್‌ನಲ್ಲಿ, ಜಾನ್ ಪಿಸ್ಟೋಲ್ ಟಿಎಸ್‌ಎ ಮುಖ್ಯಸ್ಥರಾಗಿದ್ದಾಗ. ಯಾರು ಬೇಕಾದರೂ ಅರ್ಜಿ ಹಾಕುವ ವ್ಯವಸ್ಥೆ ಬಂದದ್ದು 2013ರ ಡಿಸೆಂಬರ್‌ನಲ್ಲಿ. ನಡುವೆ ಸಾಲು ತುಂಬಿಸಲು, ಹಿನ್ನೆಲೆಯೇ ಗೊತ್ತಿಲ್ಲದವರನ್ನೂ ಅಲ್ಲೇ ಆರಿಸಿ ಪ್ರೀಚೆಕ್ ಸಾಲಿಗೆ ಕಳಿಸುವ ಪದ್ಧತಿ ಇತ್ತು. ಜರಡಿ ಹಿಡಿಯದ ಅಕ್ಕಿಯನ್ನೂ ಹಿಡಿದದ್ದರ ಜೊತೆ ಸೇರಿಸಿದ ಹಾಗಾಯಿತು. ಟೀಕೆ ಬಂದ ಮೇಲೆ 2015ರಲ್ಲಿ ಅದನ್ನು ಕೈಬಿಟ್ಟರು. ಇವತ್ತು ಯಾರಾದರೂ ‘ನನಗೆ ಅರ್ಜಿ ಹಾಕದೆಯೇ ಪ್ರೀಚೆಕ್ ಬಂದಿತ್ತು’ ಅಂದರೆ, ಅದು ಆ ಕಾಲದ ನೆನಪಿರಬಹುದು.

ಮೊದಲ ಕೆಲಸ: ಹೆಸರು ಸರಿಮಾಡಿಕೊಳ್ಳುವುದು

ಅರ್ಜಿ, ಶುಲ್ಕ, ಸಂದರ್ಶನ ಎಲ್ಲವೂ ಆಮೇಲಿನ ಮಾತು. ಕನ್ನಡಿಗರ ಪ್ರೀಚೆಕ್ ಕೈಕೊಡುವುದಕ್ಕೆ ದೊಡ್ಡ ಕಾರಣ ಹೆಸರು. ನಮ್ಮಲ್ಲಿ ಊರ ಹೆಸರು, ಅಪ್ಪನ ಹೆಸರು, ತನ್ನ ಹೆಸರು ಈ ಕ್ರಮ, ಅದೂ ಇನಿಷಿಯಲ್‌ಗಳಲ್ಲಿ. ಅಮೆರಿಕದ ಕಂಪ್ಯೂಟರ್‌ಗೆ ಬೇಕಿರುವುದು ಗಿವನ್ ನೇಮ್ ಒಂದು, ಸರ್‌ನೇಮ್ ಒಂದು.

ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಖಾನೆ ಖಾಲಿ ಇದ್ದು, ‘ಮಂಜುನಾಥ ರಾಮಪ್ಪ’ ಪೂರ್ತಿ ಗಿವನ್ ನೇಮ್‌ನಲ್ಲೇ ಇದೆ ಎಂದುಕೊಳ್ಳಿ. ಅಮೆರಿಕದ ವೀಸಾದಲ್ಲಿ ಇಡೀ ಹೆಸರು ಸರ್‌ನೇಮ್ ಜಾಗಕ್ಕೆ ಹೋಗಿ, ಗಿವನ್ ನೇಮ್ ಜಾಗದಲ್ಲಿ ‘ಎಫ್‌ಎನ್‌ಯು’ ಎಂದು ಕೂರುತ್ತದೆ; ಮೊದಲ ಹೆಸರು ಗೊತ್ತಿಲ್ಲ ಎನ್ನುವುದರ ಚುಟುಕು ರೂಪ ಅದು. ಅಲ್ಲಿಂದ ಡ್ರೈವಿಂಗ್ ಲೈಸೆನ್ಸ್ ಒಂದು ರೀತಿ, ಬ್ಯಾಂಕ್ ಕಾರ್ಡ್ ಇನ್ನೊಂದು ರೀತಿ, ಟಿಕೆಟ್ ಮತ್ತೊಂದು ರೀತಿ. ಕೆಟಿಎನ್ ಒಂದು ಹೆಸರಿನಲ್ಲಿದ್ದು ಟಿಕೆಟ್ ಇನ್ನೊಂದು ಹೆಸರಿನಲ್ಲಿದ್ದರೆ ಕಂಪ್ಯೂಟರ್‌ಗೆ ಅವರು ಇಬ್ಬರು ಬೇರೆ ಬೇರೆ ಮನುಷ್ಯರು.

ಸರಿಯಾದ ದಾರಿ: ಕೆಟಿಎನ್‌ಗೆ ಅರ್ಜಿ ಹಾಕುವ ಮೊದಲೇ ಪಾಸ್‌ಪೋರ್ಟ್‌ನಲ್ಲಿ ಹೆಸರನ್ನು ಎರಡು ಭಾಗ ಮಾಡಿಸಿಕೊಳ್ಳಿ. ಪಾಸ್‌ಪೋರ್ಟ್ ಸೇವಾದಲ್ಲಿ ರೀ-ಇಶ್ಯೂ ಅರ್ಜಿ ಹಾಕಿ, ವೈಯಕ್ತಿಕ ವಿವರದ ಬದಲಾವಣೆ ಎಂದು ಆರಿಸಬೇಕು. ಆ ಬಳಿಕ ವೀಸಾ, ಲೈಸೆನ್ಸ್ ನವೀಕರಣಕ್ಕೆ ಬಂದಾಗ ಅವನ್ನೂ ಇದಕ್ಕೆ ಹೊಂದಿಸುತ್ತ ಹೋಗುವುದು. ಒಂದೆರಡು ವರ್ಷ ಹಿಡಿದರೂ ಆಗಲಿ, ಇದರ ಲಾಭ ವಿಮಾನಕ್ಕಷ್ಟೇ ಸೀಮಿತವಲ್ಲ. ಒಂಟಿ ಹೆಸರಿನವರಿಗೆ ಭೇಟಿ ವೀಸಾದಲ್ಲಿ ಪ್ರವೇಶವಿಲ್ಲ ಎಂದು ಯುಎಇ ಕೂಡ 2022ರ ನವೆಂಬರ್‌ನಿಂದ ನಿಯಮ ಮಾಡಿದೆ.

ಕಣ್ಣಿಗೆ ಬೀಳದ ಇನ್ನೂ ಕೆಲವು ತಪ್ಪುಗಳಿವೆ. ಕೊನೆಯ ‘ಅ’ಕಾರ ಅವುಗಳಲ್ಲಿ ಮೊದಲನೆಯದು: ಪಾಸ್‌ಪೋರ್ಟ್‌ನಲ್ಲಿ ‘ಸುರೇಶ’, ಲೈಸೆನ್ಸ್‌ನಲ್ಲಿ ‘ಸುರೇಶ್’, ಇಂಗ್ಲಿಷ್ ಅಕ್ಷರದಲ್ಲಿ ಬರೆದಾಗ ಕೊನೆಯಲ್ಲಿ ಒಂದು ‘ಎ’ ಹೆಚ್ಚು. ಇನಿಷಿಯಲ್ ಇನ್ನೊಂದು: ಪಾಸ್‌ಪೋರ್ಟ್‌ನಲ್ಲಿ ಅದು ಬಿಡಿಸಿ ಬರೆದಿದ್ದರೆ ಟಿಕೆಟ್‌ನಲ್ಲೂ ಬಿಡಿಸಿಯೇ ಬರೆಯಬೇಕು. ಹುಟ್ಟಿದ ದಿನಾಂಕವಂತೂ ಬಹಳ ಜನ ಎಡವುವ ಕಲ್ಲು. ನಾವು ದಿನ ಮೊದಲು, ತಿಂಗಳು ಆಮೇಲೆ ಬರೆಯುತ್ತೇವೆ, ಅಮೆರಿಕದವರು ತಿರುಗಾಮುರುಗಾ. ಏಪ್ರಿಲ್ 7ರಂದು ಹುಟ್ಟಿದವರು 07/04 ಎಂದು ತುಂಬಿದರೆ ಜುಲೈ 4 ಆಯಿತು. 13ರಿಂದ ಮೇಲಿನ ತಾರೀಕಾದರೆ ಫಾರ್ಮೇ ತಪ್ಪು ಎನ್ನುತ್ತದೆ, 12ರೊಳಗಿನದಾದರೆ ಸದ್ದಿಲ್ಲದೆ ಒಪ್ಪಿಕೊಳ್ಳುತ್ತದೆ.

ಬೋರ್ಡಿಂಗ್ ಪಾಸಿನಲ್ಲಿ ಎರಡು ಹೆಸರು ಜಾಗ ಬಿಡದೆ ಅಂಟಿಕೊಂಡಿದ್ದರೆ, ಉದ್ದದ ಹೆಸರು ಕೊನೆಯಲ್ಲಿ ತುಂಡಾಗಿದ್ದರೆ ಗಾಬರಿ ಬೇಡ. ಅದು ಮುದ್ರಣದ ಮಿತಿ. ಟಿಕೆಟ್ ಬುಕಿಂಗ್‌ನ ಒಳಗೆ ಹೆಸರು ಸರಿಯಿದ್ದರಾಯಿತು.

ಯಾರಿಗೆ ಯಾವುದು

ನಾಗರಿಕರು ಮತ್ತು ಗ್ರೀನ್ ಕಾರ್ಡ್ ಇರುವವರು ನೇರವಾಗಿ ಪ್ರೀಚೆಕ್‌ಗೆ ಅರ್ಜಿ ಹಾಕಬಹುದು. ಎಚ್-1ಬಿ, ಎಲ್-1, ಎಫ್-1 ವೀಸಾದಲ್ಲಿರುವ ಭಾರತೀಯ ಪಾಸ್‌ಪೋರ್ಟ್‌ದಾರರಿಗೆ ಆ ಬಾಗಿಲು ಮುಚ್ಚಿದೆ. ಅವರಿಗಿರುವ ದಾರಿ ಗ್ಲೋಬಲ್ ಎಂಟ್ರಿ. ಅದು ಮೂಲತಃ ಹೊರದೇಶದಿಂದ ಬಂದಿಳಿದಾಗ ಇಮಿಗ್ರೇಷನ್ ಬೇಗ ಮುಗಿಸುವ ಯೋಜನೆ, ಪ್ರೀಚೆಕ್ ಅದರ ಜೊತೆಗೇ ಬರುತ್ತದೆ. ಭಾರತೀಯರಿಗೆ ಇದು ತೆರೆದದ್ದು 2017ರಲ್ಲಿ.

ಪ್ರೀಚೆಕ್ ಮಾತ್ರ ಸಾಕಾದರೆ ಖರ್ಚು 80 ಡಾಲರ್ ಆಸುಪಾಸು. ಅರ್ಜಿ ತೆಗೆದುಕೊಳ್ಳುವ ಐಡೆಮಿಯಾ, ಟೆಲೋಸ್, ಕ್ಲಿಯರ್ ಈ ಮೂರು ಕಂಪನಿಗಳ ದರದಲ್ಲಿ ಸ್ವಲ್ಪ ವ್ಯತ್ಯಾಸವಿದೆ. ಗ್ಲೋಬಲ್ ಎಂಟ್ರಿ 2024ರ ಅಕ್ಟೋಬರ್‌ನಿಂದ 120 ಡಾಲರ್. ಎರಡೂ ಐದು ವರ್ಷಕ್ಕೆ. ವರ್ಷಕ್ಕೊಮ್ಮೆಯಾದರೂ ಊರಿಗೆ ಬಂದುಹೋಗುವವರು ಗ್ರೀನ್ ಕಾರ್ಡ್ ಇದ್ದರೂ ಗ್ಲೋಬಲ್ ಎಂಟ್ರಿಯನ್ನೇ ತೆಗೆದುಕೊಳ್ಳಲಿ ಎನ್ನುವುದು ನಮ್ಮ ಅಭಿಪ್ರಾಯ. ಇಪ್ಪತ್ತು ಗಂಟೆ ಹಾರಿ ಇಳಿದವರಿಗೆ ಇಮಿಗ್ರೇಷನ್ ಸಾಲು ತಪ್ಪಿದರೆ ಆ ನಲವತ್ತು ಡಾಲರ್ ಮೊದಲ ಸಲವೇ ವಸೂಲು. ಎಷ್ಟೋ ಕ್ರೆಡಿಟ್ ಕಾರ್ಡ್‌ಗಳು ಈ ಶುಲ್ಕವನ್ನು ಹಿಂದಿರುಗಿಸುತ್ತವೆ, ಪಾವತಿಗೆ ಮುನ್ನ ನೋಡಿಕೊಳ್ಳಿ. ಕೆನಡಾದಲ್ಲಿ ನೆಲೆಸಿ ಪಿಆರ್ (ಕಾಯಂ ವಾಸದ ಅನುಮತಿ) ಅಥವಾ ಪೌರತ್ವ ಪಡೆದವರಿಗೆ ನೆಕ್ಸಸ್ ಎಂಬ ಇಂಥದೇ ಯೋಜನೆ ಇದೆ.

ಕ್ಲಿಯರ್ ಎಂಬ ಹೆಸರು ಎರಡು ಕಡೆ ಬರುವುದರಿಂದ ಗೊಂದಲ ಸಹಜ. ಅದೇ ಕಂಪನಿ ದುಬಾರಿ ವಾರ್ಷಿಕ ಚಂದಾದಾರಿಕೆಯನ್ನೂ ಮಾರುತ್ತದೆ. ಅದು ಗುರುತು ಪತ್ರ ತೋರಿಸುವ ಸಾಲನ್ನು ತಪ್ಪಿಸುತ್ತದೆ ಅಷ್ಟೇ. ಚೀಲ, ಮೈ ತಪಾಸಣೆ ಮೊದಲಿನಂತೆಯೇ. ನಮ್ಮ ಡಿಜಿಯಾತ್ರಾ ಕೂಡ ಇದೇ ಜಾತಿಯದು. ಬೆಂಗಳೂರಿನಲ್ಲಿ 2022ರ ಡಿಸೆಂಬರ್‌ನಿಂದ ಇದೆ, ಮುಖ ನೋಡಿ ಬಾಗಿಲು ತೆಗೆಯುತ್ತದೆ, ಸಿಐಎಸ್‌ಎಫ್ ತಪಾಸಣೆ ಮಾತ್ರ ಎಲ್ಲರಿಗೂ ಒಂದೇ. 2025ರ ಜನವರಿಯಲ್ಲಿ ಬೆಂಗಳೂರಿಗೂ ಬಂದ ಎಫ್‌ಟಿಐ-ಟಿಟಿಪಿ ಭಾರತದ ಇಮಿಗ್ರೇಷನ್ ಗೇಟನ್ನು ಬೇಗ ದಾಟಿಸುವ ಯೋಜನೆ. ಭಾರತೀಯ ಪಾಸ್‌ಪೋರ್ಟ್, ಒಸಿಐ ಎರಡೂ ಬಗೆಯವರಿಗೆ ಉಚಿತ, ಮಾಡಿಸಿಟ್ಟುಕೊಳ್ಳುವುದು ಒಳ್ಳೆಯದು. ಆದರೆ ಅದಕ್ಕೂ ಭದ್ರತಾ ತಪಾಸಣೆಗೂ ಸಂಬಂಧವಿಲ್ಲ.

ಗ್ಲೋಬಲ್ ಎಂಟ್ರಿ ಅರ್ಜಿ

1. ಅಮೆರಿಕದ ಗಡಿ ಇಲಾಖೆ ಸಿಬಿಪಿಯ ಟ್ರಸ್ಟೆಡ್ ಟ್ರಾವೆಲರ್ ಜಾಲತಾಣದಲ್ಲಿ ಖಾತೆ ತೆರೆಯಿರಿ. ಸರ್ಕಾರಿ ತಾಣವೇ ಎಂದು ವಿಳಾಸದ ಕೊನೆ ನೋಡಿ ಖಚಿತಪಡಿಸಿಕೊಳ್ಳಿ. ಅದೇ ರೂಪದ ಖಾಸಗಿ ತಾಣಗಳು ‘ಸಹಾಯ ಶುಲ್ಕ’ ಎಂದು ಹೆಚ್ಚುವರಿ ಹಣ ಕೀಳುತ್ತವೆ.

2. ಫಾರ್ಮ್ ಕೈಗೆತ್ತಿಕೊಳ್ಳುವ ಮೊದಲು ಪಟ್ಟಿ ಮಾಡಿಟ್ಟುಕೊಳ್ಳಿ: ಕಳೆದ ಐದು ವರ್ಷದ ಎಲ್ಲ ವಿಳಾಸ, ಎಲ್ಲ ಕೆಲಸ, ಹೋಗಿಬಂದ ದೇಶಗಳು. ತಿಂಗಳುಗಳ ನಡುವೆ ತೆರಪಿರಬಾರದು. ಕೆಲಸ ಬಿಟ್ಟು ಎರಡು ತಿಂಗಳು ಮೈಸೂರಿನ ಮನೆಯಲ್ಲಿದ್ದರೆ ಅದನ್ನೂ ಹಾಗೆಯೇ ಬರೆಯಿರಿ.

3. ಬಂಧನ, ಮೊಕದ್ದಮೆಗಳ ಪ್ರಶ್ನೆಗೆ ನಿಜವನ್ನೇ ಬರೆಯಿರಿ. ಕುಡಿದು ಗಾಡಿ ಓಡಿಸಿ ಸಿಕ್ಕಿಬಿದ್ದು ಆಮೇಲೆ ಕೇಸು ವಜಾ ಆಗಿದ್ದರೂ ಅವರ ದಾಖಲೆಯಲ್ಲಿ ಕಾಣಿಸುತ್ತದೆ. ಆ ಕೇಸಿಗಿಂತ ಅದನ್ನು ಮುಚ್ಚಿಟ್ಟದ್ದೇ ಅರ್ಜಿಯನ್ನು ಕೊಲ್ಲುವುದು ಹೆಚ್ಚು.

4. ಭಾರತೀಯ ಪಾಸ್‌ಪೋರ್ಟ್‌ದಾರರ ಹಿನ್ನೆಲೆಯನ್ನು ಭಾರತ ಸರ್ಕಾರವೂ ನೋಡುತ್ತದೆ. ಪಾಸ್‌ಪೋರ್ಟ್ ಸೇವಾ ಪೋರ್ಟಲ್‌ನಲ್ಲಿ ‘ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್ ಫಾರ್ ಜಿಇಪಿ’ (ಜಿಇಪಿ ಎಂದರೆ ಗ್ಲೋಬಲ್ ಎಂಟ್ರಿ ಯೋಜನೆ) ಎಂಬ ಸೇವೆ ಇದಕ್ಕಾಗಿಯೇ ಇರುವುದು. ಅರ್ಜಿ ತಿಂಗಳುಗಟ್ಟಲೆ ಅಲುಗಾಡದೆ ಕೂತಿದ್ದರೆ ಮೊದಲು ನೋಡಬೇಕಾದದ್ದು ಈ ಕಡೆ.

5. ಷರತ್ತಿನ ಒಪ್ಪಿಗೆ ಬಂದ ಮೇಲೆ ಸಂದರ್ಶನ. ದೊಡ್ಡ ನಗರಗಳ ಕೇಂದ್ರಗಳಲ್ಲಿ ತಿಂಗಳುಗಟ್ಟಲೆ ದಿನಾಂಕ ಸಿಗದು. ಅದಕ್ಕಾಗಿ ಕಾಯುತ್ತ ಕೂರುವುದಕ್ಕಿಂತ ‘ಎನ್‌ರೋಲ್‌ಮೆಂಟ್ ಆನ್ ಅರೈವಲ್’ ಬಳಸಿ. ಊರಿಗೆ ಹೋಗಿ ವಾಪಸ್ ಬಂದಿಳಿದ ದಿನ, ಆ ಸೌಲಭ್ಯವಿರುವ ನಿಲ್ದಾಣದಲ್ಲಿ, ಇಮಿಗ್ರೇಷನ್ ಹಾಲ್‌ನಲ್ಲೇ ಆ ಫಲಕ ಹುಡುಕಿ ನಿಂತರೆ ಮುಗಿಯಿತು. ಮುಂಗಡ ದಿನಾಂಕ ಬೇಡ. ಪಾಸ್‌ಪೋರ್ಟ್, ವೀಸಾ, ಮನೆ ವಿಳಾಸದ ಪುರಾವೆ ಕೈಚೀಲದಲ್ಲಿರಲಿ. ಹತ್ತು ನಿಮಿಷದ ಮಾತು, ಬೆರಳಚ್ಚು, ಫೋಟೋ. ಮುಂದಿನ ವಿಮಾನ ಹಿಡಿಯುವವರು ಇದಕ್ಕೆಂದು ನಡುವೆ ಕನಿಷ್ಠ ಮೂರು ಗಂಟೆ ಇಟ್ಟುಕೊಂಡು ಟಿಕೆಟ್ ಮಾಡಿ.

6. ಒಪ್ಪಿಗೆಯಾದರೆ ಕಾರ್ಡ್ ಅಂಚೆಯಲ್ಲಿ ಬರುತ್ತದೆ. ಅದರ ಹಿಂಬದಿಯ ಒಂಬತ್ತು ಅಂಕಿಯ ‘ಪಾಸ್‌ಐಡಿ’ಯೇ ನಿಮ್ಮ ಕೆಟಿಎನ್. ಕಾರ್ಡನ್ನು ಟಿಎಸ್‌ಎ ಸಾಲಿನಲ್ಲಿ ಬೀಸಿದರೆ ಏನೂ ಆಗದು, ಸಂಖ್ಯೆ ಟಿಕೆಟ್‌ನಲ್ಲಿರಬೇಕು.

ಮಕ್ಕಳ ವಿಷಯ ಬೇರೆ. ಪ್ರೀಚೆಕ್ ಸಾಲಿಗೆ 12 ವರ್ಷದವರೆಗಿನ ಮಕ್ಕಳು ಅಪ್ಪ ಅಥವಾ ಅಮ್ಮನ ಜೊತೆ ಸುಮ್ಮನೆ ಬರಬಹುದು. 13ರಿಂದ 17ರವರಾದರೆ ಒಂದೇ ಬುಕಿಂಗ್‌ನಲ್ಲಿದ್ದು, ಅವರ ಪಾಸಿನ ಮೇಲೂ ಪ್ರೀಚೆಕ್ ಗುರುತು ಬಂದಿರಬೇಕು. ಗ್ಲೋಬಲ್ ಎಂಟ್ರಿಗೆ ಮಾತ್ರ ಎಳೆಗೂಸಿಗೂ ಪ್ರತ್ಯೇಕ ಅರ್ಜಿ ಬೇಕು. ಪೋಷಕರೊಬ್ಬರು ಸದಸ್ಯರಾಗಿದ್ದರೆ ಅಥವಾ ಜೊತೆಗೇ ಅರ್ಜಿ ಹಾಕಿದರೆ 18ರೊಳಗಿನವರಿಗೆ ಶುಲ್ಕವಿಲ್ಲ.

ಗ್ರೀನ್ ಕಾರ್ಡ್‌ದಾರರ ನೇರ ಪ್ರೀಚೆಕ್ ಇಷ್ಟು ಉದ್ದದ ಕಥೆಯಲ್ಲ. ಆನ್‌ಲೈನ್‌ನಲ್ಲಿ ಐದು ನಿಮಿಷದ ಫಾರ್ಮ್, ಹತ್ತಿರದ ಕೇಂದ್ರದಲ್ಲಿ ಬೆರಳಚ್ಚು. ಬಹುತೇಕರಿಗೆ ಮೂರರಿಂದ ಐದು ದಿನದಲ್ಲಿ ಸಂಖ್ಯೆ ಬರುತ್ತದೆ, ಕೆಲವರಿಗೆ 60 ದಿನದವರೆಗೂ ಎಳೆಯುತ್ತದೆ.

ಸಂಖ್ಯೆ ಇದೆ, ಗುರುತು ಬಂದಿಲ್ಲ

ಇದನ್ನು ಕೌಂಟರ್‌ಗೆ ಬಂದ ಮೇಲೆ ನೋಡಿಕೊಳ್ಳುವುದಲ್ಲ. ಆನ್‌ಲೈನ್ ಚೆಕ್-ಇನ್ ಮಾಡಿದ ಕ್ಷಣ ಪಾಸ್ ತೆರೆದು ನೋಡಿ. ಗುರುತಿಲ್ಲದಿದ್ದರೆ ಈ ಕ್ರಮದಲ್ಲಿ ಹುಡುಕಿ.

ಮೊದಲು ಬುಕಿಂಗ್ ತೆರೆದು ಕೆಟಿಎನ್ ಯಾವ ಖಾನೆಯಲ್ಲಿದೆ ನೋಡಿ. ಪಕ್ಕದ ರಿಡ್ರೆಸ್ ಖಾನೆಯಲ್ಲಿ ತುಂಬಿರುವವರೇ ಹೆಚ್ಚು. ಟ್ರಾವೆಲ್ ಏಜೆಂಟ್ ಅಥವಾ ಬೇರೆ ಜಾಲತಾಣದ ಮೂಲಕ ಕೊಂಡ ಟಿಕೆಟ್‌ನಲ್ಲಿ ಸಂಖ್ಯೆ ವಿಮಾನ ಕಂಪನಿಯವರೆಗೆ ತಲುಪಿಯೇ ಇರುವುದಿಲ್ಲ. ವಿಮಾನ ಕಂಪನಿಯ ಸ್ವಂತ ತಾಣಕ್ಕೆ ಹೋಗಿ ಮತ್ತೆ ತುಂಬಿ. ಒಂದೇ ಟಿಕೆಟ್‌ನಲ್ಲಿ ಎರಡು ಕಂಪನಿಗಳ ವಿಮಾನವಿದ್ದರೆ ಎರಡೂ ಕಡೆ ತುಂಬಬೇಕು. ಫ್ರೀಕ್ವೆಂಟ್ ಫ್ಲೈಯರ್ ಪ್ರೊಫೈಲ್‌ನಲ್ಲಿ ಹಾಕಿಟ್ಟದ್ದು ಮುಂದಿನ ಬುಕಿಂಗ್‌ಗಳಿಗೆ ಹೋಗುತ್ತದೆ, ಹಿಂದೆಯೇ ಮಾಡಿದ್ದಕ್ಕೆ ತಾನಾಗಿ ಅಂಟುವುದಿಲ್ಲ.

ಎರಡನೆಯದು ಹೆಸರು, ಹುಟ್ಟಿದ ದಿನಾಂಕ; ಮೇಲೆ ಹೇಳಿದ್ದೆಲ್ಲ ಇಲ್ಲಿ ಕಾಡುತ್ತದೆ. ಮೂರನೆಯದು ಅವಧಿ: ಐದು ವರ್ಷ ಮುಗಿದಿರುವುದು ಎಷ್ಟೋ ಜನರಿಗೆ ಸಾಲಿನಲ್ಲಿ ನಿಂತಾಗಲೇ ಗೊತ್ತಾಗುವುದು. ನಾಲ್ಕನೆಯದು, ಆ ವಿಮಾನ ಕಂಪನಿ ಪ್ರೀಚೆಕ್‌ನಲ್ಲಿ ಸೇರಿದೆಯೇ ಎಂಬುದು. ಟಿಎಸ್‌ಎ ತಾಣದಲ್ಲಿ ಪಟ್ಟಿ ಇದೆ. ಎಲ್ಲ ಸರಿಮಾಡಿದ ಮೇಲೆ ಹಳೆಯ ಪಾಸ್ ಬಿಸಾಡಿ ಹೊಸದನ್ನು ತೆಗೆಯಬೇಕು. ಗುರುತು ಪಾಸಿನ ಬಾರ್‌ಕೋಡ್‌ನೊಳಗಿದೆ, ಹಳೆಯ ಪಾಸ್ ಹಳೆಯ ಉತ್ತರವನ್ನೇ ಹೇಳುತ್ತದೆ.

ಬೆಂಗಳೂರಿನಿಂದ ಹಿಂತಿರುಗುವಾಗ ಇದು ಇನ್ನೊಂದು ರೂಪದಲ್ಲಿ ಬರುತ್ತದೆ. ಕೆಂಪೇಗೌಡ ನಿಲ್ದಾಣದಲ್ಲೇ ಮುಂದಿನ ಎಲ್ಲ ಪಾಸ್‌ಗಳನ್ನೂ ಮುದ್ರಿಸಿ ಕೊಡುತ್ತಾರೆ. ಶಿಕಾಗೋದಿಂದ ಮುಂದಕ್ಕೆ ಹೋಗುವ ಒಳನಾಡ ವಿಮಾನದ ಪಾಸಿನಲ್ಲಿ ಗುರುತು ಇರದಿರಬಹುದು. ಕಸ್ಟಮ್ಸ್ ಮುಗಿಸಿ ಚೀಲ ಮರಳಿ ಹಾಕುವ ಕೌಂಟರ್‌ನಲ್ಲಿ ಆ ಪಾಸನ್ನು ಹೊಸದಾಗಿ ಮುದ್ರಿಸಲು ಕೇಳಿ.

ಎಲ್ಲ ಸರಿಯಿದ್ದೂ ಗುರುತು ಬಾರದಿದ್ದರೆ? ಆಗುತ್ತದೆ. ಸದಸ್ಯರಿಗೂ ಪ್ರತಿ ಸಲ ಪ್ರೀಚೆಕ್ ಸಿಗುತ್ತದೆಂಬ ಭರವಸೆಯನ್ನು ಟಿಎಸ್‌ಎ ಕೊಡುವುದಿಲ್ಲ. ಯಾರಿಗೂ ಊಹಿಸಲು ಸಿಗಬಾರದೆಂದೇ ಆಗೊಮ್ಮೆ ಈಗೊಮ್ಮೆ ತಪ್ಪಿಸುತ್ತಾರೆ. ಒಂದು ಸಲವಾದರೆ ಬಿಟ್ಟುಬಿಡಿ. ಸತತ ಮೂರು ಸಲವಾದರೆ ಎಲ್ಲೋ ಅಕ್ಷರ ತಪ್ಪಿದೆ ಎಂದೇ ಲೆಕ್ಕ.

ಚಟ್ನಿಪುಡಿ, ತುಪ್ಪ, ಕೊಬ್ಬರಿ

ಪ್ರೀಚೆಕ್ ಸಾಲಿನಲ್ಲಿ ಬೆಲ್ಟ್, ತೆಳು ಜಾಕೆಟ್ ಮೈಮೇಲೇ ಇರಬಹುದು. ಲ್ಯಾಪ್‌ಟಾಪ್, ದ್ರವದ ಚೀಲ ಒಳಗೇ ಇರಬಹುದು. ಬೂಟು ಬಿಚ್ಚುವ ನಿಯಮವನ್ನು 2025ರ ಜುಲೈನಲ್ಲಿ ಸಾಮಾನ್ಯ ಸಾಲಿಗೂ ತೆಗೆದುಹಾಕಿದ್ದರಿಂದ ಆ ಅನುಕೂಲ ಈಗ ಪ್ರೀಚೆಕ್‌ದಷ್ಟೇ ಅಲ್ಲ. ಇಷ್ಟರಿಂದ ವಸ್ತುಗಳ ಮಿತಿಯೂ ಸಡಿಲವಾಯಿತು ಎಂದುಕೊಳ್ಳುವವರಿದ್ದಾರೆ, ಅದು ತಪ್ಪು. ಪ್ರತಿ ದ್ರವ 100 ಮಿಲಿ ಒಳಗೆ, ಎಲ್ಲ ಸೇರಿ ಸುಮಾರು ಒಂದು ಲೀಟರ್‌ನ ಪಾರದರ್ಶಕ ಚೀಲದೊಳಗೆ; ಇದು ಎಲ್ಲರಿಗೂ ಒಂದೇ. ತುಪ್ಪ ಗಟ್ಟಿಯಾಗಿದ್ದರೂ ಅವರ ಲೆಕ್ಕದಲ್ಲಿ ದ್ರವ. ಉಪ್ಪಿನಕಾಯಿ, ಗೊಜ್ಜು, ಪುಳಿಯೋಗರೆ ಗೊಜ್ಜಿನ ಮುದ್ದೆ, ಜೋನಿ ಬೆಲ್ಲ ಎಲ್ಲವೂ ಹಾಗೆಯೇ. ಮೈಸೂರು ಪಾಕ್, ಚಕ್ಕುಲಿ, ಕೋಡುಬಳೆ ಗಟ್ಟಿ ಪದಾರ್ಥ, ತೊಂದರೆಯಿಲ್ಲ.

ಪುಡಿಗಳದ್ದು ಪ್ರತ್ಯೇಕ ನಿಯಮ. 2018ರ ಜೂನ್ 30ರಿಂದ, ಹೊರದೇಶದಿಂದ ಅಮೆರಿಕಕ್ಕೆ ಹೊರಡುವ ವಿಮಾನಗಳಲ್ಲಿ 350 ಮಿಲಿಗಿಂತ ಹೆಚ್ಚು ಗಾತ್ರದ ಪುಡಿ ಕೈಚೀಲದಲ್ಲಿದ್ದರೆ ಬೇರೆಯಾಗಿ ಪರೀಕ್ಷಿಸುತ್ತಾರೆ, ಸಮಾಧಾನವಾಗದಿದ್ದರೆ ಬಿಡುವುದಿಲ್ಲ. 350 ಮಿಲಿ ಎಂದರೆ ಒಂದು ಸಣ್ಣ ಸೋಡಾ ಕ್ಯಾನ್‌ನಷ್ಟು. ಸಾರಿನ ಪುಡಿ, ಚಟ್ನಿಪುಡಿ, ರಾಗಿ ಹಿಟ್ಟು, ಶಿಶುವಿನ ರಾಗಿ ಸರಿ ಎಲ್ಲವೂ ಚೆಕ್-ಇನ್ ಸಾಮಾನಿಗೇ ಹೋಗಲಿ. ಮಗುವಿಗೆ ದಾರಿಗೆ ಬೇಕಾದಷ್ಟನ್ನು ಮಾತ್ರ ಸಣ್ಣ ಡಬ್ಬಿಯಲ್ಲಿ ಇಟ್ಟುಕೊಳ್ಳಿ. ಒಣ ಕೊಬ್ಬರಿಯನ್ನು ಮಾತ್ರ ಚೆಕ್-ಇನ್‌ಗೂ ಹಾಕುವಂತಿಲ್ಲ. ಅದರ ಎಣ್ಣೆಯಂಶ ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಲ್ಲದು, ಭಾರತದಲ್ಲೇ ತೆಗೆಸುತ್ತಾರೆ. ಅಡಕತ್ತರಿ, ಈಳಿಗೆಮಣೆ ಕೈಚೀಲದಲ್ಲಿ ಬೇಡ. ಪವರ್ ಬ್ಯಾಂಕ್ ಇದಕ್ಕೆ ತದ್ವಿರುದ್ಧ, ಕೈಚೀಲದಲ್ಲೇ ಇರಬೇಕು.

ಬೆಂಗಳೂರಿನ ಡ್ಯೂಟಿ ಫ್ರೀಯಲ್ಲಿ ಕೊಂಡ ಬಾಟಲಿ ನೆನಪಿರಲಿ. ಅಮೆರಿಕದ ಮೊದಲ ನಿಲ್ದಾಣದಲ್ಲಿ ಚೀಲ ಕೈಗೆ ಬಂದಾಗಲೇ ಅದನ್ನು ದೊಡ್ಡ ಸೂಟ್‌ಕೇಸ್‌ಗೆ ಸೇರಿಸಿಬಿಡಿ. ಅಂಗಡಿಯ ಸೀಲ್ ಒಡೆದಿದ್ದರೆ ಮುಂದಿನ ತಪಾಸಣೆಯಲ್ಲಿ ಹೋದಂತೆಯೇ.

ನಾಲ್ಕು ‘ಎಸ್’ ಬಂದರೆ

ಮುನ್ಸೂಚನೆ ಇದ್ದೇ ಇರುತ್ತದೆ: ಆನ್‌ಲೈನ್ ಚೆಕ್-ಇನ್ ಆಗುವುದಿಲ್ಲ, ಕೌಂಟರ್‌ಗೆ ಬನ್ನಿ ಎನ್ನುತ್ತದೆ. ಇದೊಂದೇ ಕಾರಣಕ್ಕೆ ಅದಾಗುವುದಲ್ಲ, ಪಾಸ್‌ಪೋರ್ಟ್ ಪರಿಶೀಲನೆಗೂ ಕರೆಯುತ್ತಾರೆ. ಪಾಸ್ ಕೈಗೆ ಬಂದ ಮೇಲೆ ನೋಡಿ. ‘ಎಸ್’ಗಳಿದ್ದರೆ ಗೇಟಿಗೆ 45 ನಿಮಿಷ ಮುಂಚಿತವಾಗಿ ಹೋಗುವ ಲೆಕ್ಕ ಹಾಕಿ. ದೋಹಾ, ಫ್ರಾಂಕ್‌ಫರ್ಟ್‌ನಂಥ ಕಡೆ ಅಮೆರಿಕ ವಿಮಾನದ ಗೇಟಿನ ಬಳಿಯೇ ಈ ತಪಾಸಣೆ ನಡೆಯುವುದರಿಂದ, ಬೋರ್ಡಿಂಗ್ ಕರೆದ ಮೇಲೆ ಓಡಿ ಬಂದವರಿಗೆ ಕಷ್ಟ.

ಏನು ಮಾಡುತ್ತಾರೆ: ಮೈ ತಡವಿ ನೋಡುವುದು, ಚೀಲದ ಪ್ರತಿ ವಸ್ತು ತೆಗೆಯುವುದು, ಬಟ್ಟೆಯ ತುಣುಕಿನಿಂದ ಕೈ, ಚೀಲ, ಉಪಕರಣಗಳನ್ನು ಒರೆಸಿ ಯಂತ್ರಕ್ಕೆ ಹಿಡಿಯುವುದು. ಲ್ಯಾಪ್‌ಟಾಪ್, ಫೋನ್ ಆನ್ ಮಾಡಿ ತೋರಿಸಲು ಹೇಳಬಹುದು. ಚಾರ್ಜ್ ಇಲ್ಲದ ಹಳೆಯ ಲ್ಯಾಪ್‌ಟಾಪ್ ಹೊತ್ತು ತರಬೇಡಿ. ಒರೆಸುವ ಯಂತ್ರ ಸ್ಫೋಟಕದ ಕಣ ಹುಡುಕುವುದು. ಗ್ಲಿಸರಿನ್ ಇರುವ ಲೋಷನ್, ಕೈಗೆ ತಾಗಿದ ನೈಟ್ರೇಟ್ ಗೊಬ್ಬರ ಅದನ್ನು ಕೂಗಿಸಬಲ್ಲವು. ತೋಟದ ಕೆಲಸ ಮಾಡಿ ನೇರ ಹೊರಟ ತಂದೆಯವರಿದ್ದರೆ ಸೋಪಿನಿಂದ ಕೈ ತೊಳೆದು ಹೊರಡಲಿ. ಯಂತ್ರ ಕೂಗಿದರೆ ಅಪರಾಧಿಯಾದಿರಿ ಎಂದಲ್ಲ, ತಪಾಸಣೆ ಇನ್ನೊಂದು ಸುತ್ತು ಆಗುತ್ತದೆ.

ಯಾಕೆ ಆರಿಸಿದರು ಎಂದು ಕೌಂಟರ್‌ನವರನ್ನು ಕೇಳಿ ಫಲವಿಲ್ಲ, ಅವರಿಗೂ ತಿಳಿದಿರುವುದಿಲ್ಲ. ಯಾದೃಚ್ಛಿಕವಾಗಿಯೂ ಬರುತ್ತದೆ, ಪಟ್ಟಿಯಲ್ಲಿರುವ ಯಾರದೋ ಹೆಸರಿಗೆ ಹತ್ತಿರವಿದ್ದರೂ ಬರುತ್ತದೆ. ಪ್ರತಿ ಪ್ರಯಾಣದಲ್ಲೂ ಬರುತ್ತಿದ್ದರೆ ಎರಡನೆಯದೇ ಇರಬೇಕು. ಆಗ ಗೃಹಭದ್ರತಾ ಇಲಾಖೆಯ ‘ಡಿಎಚ್‌ಎಸ್ ಟ್ರಿಪ್’ ತಾಣದಲ್ಲಿ ದೂರು ಸಲ್ಲಿಸಿ. ಶುಲ್ಕವಿಲ್ಲ. ಪಾಸ್‌ಪೋರ್ಟ್ ಪ್ರತಿ, ಯಾವ ಯಾವ ದಿನ ಎಲ್ಲಿ ತಡೆದರು ಎಂಬ ವಿವರ ಲಗತ್ತಿಸಬೇಕು. ಏಳು ಅಂಕಿಯ ರಿಡ್ರೆಸ್ ಸಂಖ್ಯೆ ಕೊಡುತ್ತಾರೆ. ಮುಂದಿನ ಪ್ರತಿ ಟಿಕೆಟ್‌ನಲ್ಲೂ ಅದನ್ನು ಅದರ ಖಾನೆಯಲ್ಲೇ ತುಂಬಿದರೆ, ‘ಆ ಮನುಷ್ಯ ಇವರಲ್ಲ’ ಎಂದು ಸೆಕ್ಯೂರ್ ಫ್ಲೈಟ್‌ಗೆ ತಿಳಿಯುತ್ತದೆ.

ಊರಿಂದ ಬರುವ ಅಪ್ಪ-ಅಮ್ಮ

ಭೇಟಿ ವೀಸಾದಲ್ಲಿ ಬರುವವರಿಗೆ ಸಾಮಾನ್ಯವಾಗಿ ಕೆಟಿಎನ್ ಇರುವುದಿಲ್ಲ, ಮಕ್ಕಳ ಕೆಟಿಎನ್ ಅವರಿಗೆ ಅನ್ವಯಿಸುವುದೂ ಇಲ್ಲ. ಅವರ ಟಿಕೆಟ್‌ನಲ್ಲಿ ನಿಮ್ಮ ಸಂಖ್ಯೆ ಹಾಕುವ ಬುದ್ಧಿವಂತಿಕೆ ಬೇಡ. ಹೆಸರು ಹೊಂದದೆ ಏನೂ ಉಪಯೋಗವಾಗದು.

ಅವರಿಗೆ ಆಗುವ ಸಹಾಯ ಬೇರೆ. ಪ್ರಯಾಣಕ್ಕೆ 72 ಗಂಟೆ ಮೊದಲು ‘ಟಿಎಸ್‌ಎ ಕೇರ್ಸ್’ಗೆ ಕರೆ ಮಾಡಿದರೆ (855-787-2227) ತಪಾಸಣೆಯ ಜಾಗದಲ್ಲಿ ಜೊತೆಗಿರುವ ಸಿಬ್ಬಂದಿಯನ್ನು ಕೇಳಬಹುದು. ಇದು ಅಮೆರಿಕದ ನಿಲ್ದಾಣಗಳಿಗೆ ಮಾತ್ರ. ಸೀರೆಯ ನೆರಿಗೆ, ದಪ್ಪ ಜಡೆ, ಪಂಚೆಯ ಮಡಿಕೆ ಬಾಡಿ ಸ್ಕ್ಯಾನರ್‌ನ ತೆರೆಯಲ್ಲಿ ಹಳದಿ ಚೌಕವಾಗಿ ಕಾಣುತ್ತವೆ. ಆ ಜಾಗವನ್ನು ಕೈಯಿಂದ ಮುಟ್ಟಿ ನೋಡುತ್ತಾರೆ. ಮುಟ್ಟುವವರು ಹೆಂಗಸರಿಗೆ ಹೆಂಗಸರೇ. ಬೇಕಿದ್ದರೆ ಪ್ರತ್ಯೇಕ ಕೋಣೆ ಕೇಳಬಹುದು, ಮನೆಯವರೊಬ್ಬರು ಜೊತೆಗಿರಬಹುದು. ಇದನ್ನು ಮೊದಲೇ ಹೇಳಿಟ್ಟರೆ ಅಮ್ಮ ಗಾಬರಿಯಾಗುವುದು ತಪ್ಪುತ್ತದೆ. ಚೂಡಿದಾರ್ ಹಾಕಿಕೊಳ್ಳಲು ಒಪ್ಪುವವರಾದರೆ ಇನ್ನೂ ಸುಲಭ. ಮಂಗಳಸೂತ್ರ ತೆಗೆಯಲೇಬೇಕೆಂದಿಲ್ಲ, ಯಂತ್ರ ಕೂಗಿದರೆ ಅಲ್ಲಿ ಪರೀಕ್ಷಿಸುತ್ತಾರೆ. ಮಂಡಿ ಬದಲಿಸಿದವರು ಅದನ್ನು ಮೊದಲೇ ಹೇಳಲಿ. ಗಾಲಿಕುರ್ಚಿ ತಪಾಸಣೆಯನ್ನು ಕಡಿಮೆ ಮಾಡುವುದಿಲ್ಲ, ನಡೆಯುವ ಶ್ರಮವನ್ನಷ್ಟೇ ಉಳಿಸುತ್ತದೆ.

ಸಿಕ್ಕಿದ್ದನ್ನು ಉಳಿಸಿಕೊಳ್ಳುವುದು

ಗ್ಲೋಬಲ್ ಎಂಟ್ರಿ ಕಳೆದುಕೊಳ್ಳಲು ದೊಡ್ಡ ಅಪರಾಧವೇ ಬೇಕಿಲ್ಲ, ಒಂದು ಕಟ್ಟು ಕರಿಬೇವು ಸಾಕು. ಹಸಿ ಕರಿಬೇವಿನ ಮೇಲೆ ಕೂರುವ ಸೈಲಿಡ್ ಕೀಟ ಕಿತ್ತಳೆ, ನಿಂಬೆ ತೋಟಗಳಿಗೆ ರೋಗ ಹಬ್ಬಿಸುವುದರಿಂದ ಅಮೆರಿಕ ಅದನ್ನು ಒಳಗೆ ಬಿಡುವುದಿಲ್ಲ. ಘೋಷಿಸಿ ಬಿಟ್ಟುಕೊಟ್ಟರೆ ಸೊಪ್ಪು ಹೋಗುತ್ತದೆ ಅಷ್ಟೇ. ಘೋಷಿಸದೆ ಸಿಕ್ಕಿಬಿದ್ದರೆ ದಂಡ. ಸದಸ್ಯತ್ವವೂ ರದ್ದಾಗಬಹುದು, ಅದರೊಂದಿಗೆ ಪ್ರೀಚೆಕ್ ಕೂಡ ಹೋಯಿತು. ಹಣ್ಣು, ಬೀಜ, ಹೂವು, ವೀಳ್ಯದೆಲೆ ಯಾವುದೇ ಇರಲಿ, ಸಂಶಯವಿದ್ದರೆ ‘ಆಹಾರ ಪದಾರ್ಥ ಇದೆ’ ಎಂದೇ ಹೇಳಿ. ಅಮ್ಮ ಸೂಟ್‌ಕೇಸ್‌ನ ಮೂಲೆಯಲ್ಲಿ ಏನು ಸೇರಿಸಿದ್ದಾರೆಂದು ಹೊರಡುವ ಹಿಂದಿನ ರಾತ್ರಿಯೇ ಕೇಳಿ ತಿಳಿಯಿರಿ. ‘ನನಗೆ ಗೊತ್ತಿರಲಿಲ್ಲ’ ಎಂಬ ಮಾತನ್ನು ಅಲ್ಲಿ ಯಾರೂ ಒಪ್ಪುವುದಿಲ್ಲ.

ಪಾಸ್‌ಪೋರ್ಟ್ ಹೊಸದಾದರೆ ಆ ಸಂಖ್ಯೆಯನ್ನು ಗ್ಲೋಬಲ್ ಎಂಟ್ರಿ ಖಾತೆಯಲ್ಲಿ ಆನ್‌ಲೈನಾಗಿಯೇ ಬದಲಿಸಬಹುದು. ಎಚ್-1ಬಿಯಿಂದ ಗ್ರೀನ್ ಕಾರ್ಡ್‌ಗೆ ಬಂದವರು, ಮದುವೆಯ ನಂತರ ಹೆಸರು ಬದಲಿಸಿದವರು ದಾಖಲೆ ಹಿಡಿದು ನೋಂದಣಿ ಕೇಂದ್ರಕ್ಕೇ ಹೋಗಬೇಕು. ನವೀಕರಣದ ಅರ್ಜಿಯನ್ನು ಗ್ಲೋಬಲ್ ಎಂಟ್ರಿಗೆ ಒಂದು ವರ್ಷ ಮೊದಲಿನಿಂದ, ಪ್ರೀಚೆಕ್‌ಗೆ ಆರು ತಿಂಗಳು ಮೊದಲಿನಿಂದ ತೆಗೆದುಕೊಳ್ಳುತ್ತಾರೆ. ಪ್ರೀಚೆಕ್ ನವೀಕರಣ ಸಾಮಾನ್ಯವಾಗಿ ಆನ್‌ಲೈನ್‌ನಲ್ಲೇ ಮುಗಿಯುತ್ತದೆ, ಗ್ಲೋಬಲ್ ಎಂಟ್ರಿಗೆ ಕೆಲವರನ್ನು ಮತ್ತೆ ಸಂದರ್ಶನಕ್ಕೆ ಕರೆಯುವುದುಂಟು.